ಇನ್ನು ಪಂಪು ತುಳಿಯಬೇಕಿಲ್ಲ

ಪದ್ಮರಾಜ ಪ್ರವಾಸಿಗರನ್ನು ತನ್ನ ಜೀಪಿನಲ್ಲಿ ಗುಡ್ಡದ ತುದಿಗೆ ಕರೆದೊಯ್ಯುತ್ತಿದ್ದ. ಕಲ್ಲುದಾರಿ ಹತ್ತುವ ಮುಂಚೆ ಹಿಡಿತ ಸಿಗಲೆಂದು ಟೈರುಗಳ ಗಾಳಿ ಸ್ವಲ್ಪ ಇಳಿಸಬೇಕು, ಕೆಳಗೆ ಬಂದಮೇಲೆ ಕಾಲುಪಂಪು ತುಳಿದು ಮತ್ತೆ ತುಂಬಬೇಕು. ಅದರಲ್ಲೇ ಅವನ ಸೊಂಟ ಸೋತುಹೋಗಿತ್ತು. ಇವತ್ತು ಅಂಗಳದಲ್ಲಿ ಕೂತು, ಎಂಜಿನ್ ಬೆಲ್ಟಿನಿಂದಲೇ ತಿರುಗುವ ಏರ್ ಕಂಪ್ರೆಸರ್ ಒಂದನ್ನು ಜೀಪಿಗೆ ಜೋಡಿಸಿದ. ಎಂಜಿನ್ ಶುರುಮಾಡಿದ್ದೇ ಪೈಪಿನಿಂದ ಗಾಳಿ ಬುಸ್ಸೆಂದು ನುಗ್ಗಿತು.

"ಇಷ್ಟು ವರ್ಷ ತುಳಿದು ಸುಸ್ತಾದ ಮೇಲೆ ಬುದ್ಧಿ ಬಂತಾ ನಿಮಗೆ?" ಎಂದಳು, ಕಾಫಿ ತಂದ ಹೆಂಡತಿ ಸುಮತಿ.

"ಇದು ನನಗಲ್ಲ ಮಾರಾಯ್ತಿ, ನಿನಗೆ. ನಿನ್ನ ಮಂಡಿನೋವಲ್ಲಿ ಪಂಪು ತುಳಿಯೋಕಾಗಲ್ಲ."

"ನಾನ್ಯಾಕೆ ತುಳೀಲಿ?"

ಅವನು ಎಂಜಿನ್ ನಿಲ್ಲಿಸಿ, ಕೀಲಿಯನ್ನು ಅವಳ ಕೈಯಲ್ಲಿಟ್ಟ.

"ಜೀಪು ಓಡಿಸೋಕೆ ನಿಂಗೂ ಬರುತ್ತಲ್ಲ, ನಾಳೆಯಿಂದ ಗುಡ್ಡಕ್ಕೆ ನೀನೇ ಓಡಿಸ್ಬೇಕು. ಕನ್ನಡಕ ಹಾಕಿದ್ರೂ ನಂಗೆ ದಾರಿ ಕಾಣ್ತಿಲ್ಲ."