ಎರಡನೆಯ ದನಿ

"ಈ ಹಾಡಿನಾಗ ಹೆಣ್ಣದನಿ ಇಲ್ಲ, ಸುಳ್ಳ ಹಾಕಬ್ಯಾಡ್ರಿ ಅಂತ ನನ್ನ ಸೊಸಿಗೆ ಬರದವ್ರು ಯಾರ್ರಿ?"

ದೇವರ ಹಿಪ್ಪರಗಿಯ ಸೋಮನಿಂಗನ ಮನೆಯ ಮೇಲಿನ ಕೋಣೆಯ ಬಾಗಿಲಲ್ಲಿ ನಿಂತು ಸುಂದರವ್ವ ಕೇಳಿದಳು. ಅರವತ್ತೆಂಟರ ಹೆಂಗಸು. ಮೋರಟಗಿಯಿಂದ ವಿಳಾಸ ಹುಡುಕಿಕೊಂಡು, ಎರಡು ಬಸ್ಸು ಹತ್ತಿ ಇಳಿದು ಬಂದಿದ್ದಳು. ಮೆಟ್ಟಿಲೇರಿದ ಏದುಸಿರು ಇನ್ನೂ ಇಳಿದಿರಲಿಲ್ಲ, ಆದರೂ ಕೂತುಕೊಳ್ಳಲು ಒಪ್ಪಲಿಲ್ಲ.

ಒಳಗೆ ಮೂವರಿದ್ದರು. ಹಳೆಯ ಹಾಡುಗಳನ್ನು ಒಳ್ಳೊಳ್ಳೆಯ ಯಂತ್ರಗಳಲ್ಲಿ ಕೇಳುವ ಗೀಳಿನವರು, ರವಿವಾರಕ್ಕೊಮ್ಮೆ ಇಲ್ಲಿ ಸೇರುತ್ತಿದ್ದರು. ಮನೆಯ ಯಜಮಾನ ಸೋಮನಿಂಗ ಕರೆಂಟಿನ ಕೆಲಸದಿಂದ ನಿವೃತ್ತನಾದವನು. ಸಿದ್ದಲಿಂಗ ಇಂಡಿ ಊರಿನ ಬಟ್ಟೆ ವ್ಯಾಪಾರಿ. ಪ್ರೇಮಕುಮಾರ ಸಿಂದಗಿಯಲ್ಲಿ ಹುಡುಗರಿಗೆ ಕಂಪ್ಯೂಟರ್ ಕಲಿಸುವವನು. ಅವನೇ ಕೈಯೆತ್ತಿದ.

"ನಾನ ಬರದೇನ್ರಿ ಆಯಿ. ಸಿಟ್ಟ ಮಾಡ್ಕೋಬ್ಯಾಡ್ರಿ. 'ಮಲ್ಲಣ್ಣ ಮತ್ತು ಸಂಗಡಿಗರು' ಅಂತ ಐತೆಲ್ಲ, ಆ ಹಳೀ ರೆಕಾರ್ಡ್ ಕಂಪ್ಯೂಟರಿಗೆ ಇಳಿಸಿ, ಕರಕರ ಸಪ್ಪಳ ಎಲ್ಲಾ ತಗದು, ಯೂಟ್ಯೂಬಿಗೆ ಹಾಕಿದಾಂವ ನಾನು. ನೂರ ಸಲ ಕೇಳೇನಿ. ಅದರಾಗ ಹೆಣ್ಮಕ್ಕಳ ದನಿ ಇಲ್ಲ."

"ನಾ ಹಾಡೇನಿ," ಎಂದಳು ಸುಂದರವ್ವ. "ಹುಬ್ಬಳ್ಳಿಗೆ ಕರ್ಕೊಂಡ ಹೋಗಿದ್ರು. ನಮ್ಮ ಅರುಣ ಹೊಟ್ಟ್ಯಾಗಿದ್ದ. ಒಂದ ಮೈಕು, ಐದ ಮಂದಿ. ಮಲ್ಲಣ್ಣಗ ದಮ್ಮ ಸಾಲದ ಕಡೆ ನಾ ಹಿಡೀತಿದ್ದೆ. ನೀವು ಹಾಕಿದ ಹಾಡಿನ ಕೆಳಗ ನನ್ನ ಸೊಸಿ ಪ್ರಜ್ಞಾ ಅಷ್ಟ ಬರದಿದ್ಲು, ನಮ್ಮ ಅತ್ತಿ ಹಾಡ್ಯಾರ ಅಂತ. ಅಕಿ ಸಾಲಿ ಟೀಚರ. ನೀವು ಸುಳ್ಳ ಅಂದದ್ದು ಓದಿ ಸ್ಟಾಫ್ ರೂಮಿನಾಗ ಎಲ್ಲಾರೂ ನಕ್ಕಾರ."

"ನಲವತ್ತೈದ ವರ್ಷ ಆತ್ರಿ. ನೆನಪ ಹೆಚ್ಚುಕಮ್ಮಿ ಆಗಿರಬೇಕು. ಬ್ಯಾರೆ ರೆಕಾರ್ಡ್ ಇದ್ದೀತು."

"ನಾ ಹಾಡಿದ್ದು ನನಗ ನೆನಪಿಲ್ಲ, ನಿಮಗ ನೆನಪೈತಿ. ಹಂಗೇನು?"

ಸೋಮನಿಂಗ ಎದ್ದ. "ಜಗಳ ಯಾಕ? ಆ ಪ್ಲೇಟ ನನ್ನ ಹಂತ್ಯಾಕ ಐತಿ. ನನ್ನ ಮಿಷನ್ನಿನ ಮ್ಯಾಲೆ ಇನ್ನೂ ಹಾಕಿಲ್ಲ, ಹಾಕಿ ಕೇಳೋಣು."

ಪ್ರೇಮಕುಮಾರ ನಕ್ಕುಬಿಟ್ಟ. ರೆಕಾರ್ಡ್ ತಿರುಗಿಸುವ ಸೋಮನಿಂಗನ ಟರ್ನ್‌ಟೇಬಲ್ ಅವನಿಗೆ ಮೊದಲಿನಿಂದಲೂ ತಮಾಷೆಯ ವಸ್ತು. ಒಂದು ಸೂಜಿಯನ್ನು ಕೂರಿಸಲು ಈ ಮನುಷ್ಯ ಮೂರು ವಾರ ತೆಗೆದುಕೊಂಡಿದ್ದ. ಅಡಿಗಿಡಲು ತಾಳಿಕೋಟೆ ಕಲ್ಲಿನ ಹಾಸು ತರಿಸಿ, ಗೌಂಡಿಯ ಲೆವೆಲ್ ಪಟ್ಟಿ ಇಟ್ಟು ಮಟ್ಟ ನೋಡಿ, ಬಂಗಾರ ತೂಗುವ ತಕ್ಕಡಿಯಲ್ಲಿ ಸೂಜಿಯ ಭಾರ ತೂಗಿ, ತಿರುಗುವ ವೇಗವನ್ನು ದಿನಕ್ಕೆರಡು ಸಲ ಎಣಿಸಿದ್ದ. "ಪ್ಲೇಟ್ ಒಂದ, ಹಾಡ ಒಂದ. ನಿಮ್ಮ ಮಿಷನ್ ಏನ್ ಹೊಸಾ ದನಿ ಹುಟ್ಟಸ್ತೈತೇನ್ರಿ ಕಾಕಾ? ಇದೆಲ್ಲ ಶೋಕಿ," ಎಂದ.

ಸೋಮನಿಂಗ ರೆಕಾರ್ಡನ್ನು ಒರೆಸಿ, ಸೂಜಿ ಇಳಿಸಿದ.

ಏಕತಾರಿ ಶುರುವಾಯಿತು. ತಾಳ ಬಂತು, ದಮ್ಮಡಿ ಬಂತು. ಮಲ್ಲಣ್ಣನ ಎತ್ತರದ ದನಿ ಕೋಣೆಯ ನಡುವೆ ಬಂದು ನಿಂತಂತೆ ಎದ್ದಿತು. ಮೊದಲ ನುಡಿಯ ಕೊನೆಗೆ ಅವನ ಉಸಿರು ಸೋತಿತು. ಸೋತ ಆ ಜಾಗದಲ್ಲಿ, ಕೆಳಗಿನಿಂದ, ತುಸು ಹಿಂದೆ ನಿಂತವಳೊಬ್ಬಳ ತಗ್ಗು ದನಿ ಆ ಸಾಲನ್ನು ಎತ್ತಿಕೊಂಡಿತು. ಎತ್ತಿಕೊಂಡು, ಅಲುಗದ ಹಾಗೆ ಮುಂದಿನ ನುಡಿಯವರೆಗೆ ದಾಟಿಸಿ, ಮತ್ತೆ ಅವನ ಕೈಗಿಟ್ಟಿತು. ನಡುವೆ ಅವಳು ಉಗುಳು ನುಂಗಿದ್ದು ಸಹ ಕೇಳಿಸಿತು.

ಸುಂದರವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

ಪ್ರೇಮಕುಮಾರ ಬಗ್ಗಿ ಕೂತಿದ್ದವನು ನೆಟ್ಟಗಾದ. ಹಾಡು ಮುಗಿದೊಡನೆ ಮೊಬೈಲಿನಲ್ಲಿ ತಾನು ಹಾಕಿದ್ದನ್ನು ಹಚ್ಚಿ ಅದೇ ಜಾಗ ಕೇಳಿದ. ಮಲ್ಲಣ್ಣನ ಉಸಿರು ಸೋಲುತ್ತಿತ್ತು, ಮುಂದೆ ಬರೀ ತಾಳ. ಮತ್ತೊಮ್ಮೆ ಕೇಳಿದ. ಅವನ ಮುಖ ಸಣ್ಣದಾಯಿತು.

"ಮೊದಲ ನನ್ನ ಮಿಷನ್ ಅಗ್ಗದ್ದು, ಸೂಜಿ ಸವದಿತ್ತು. ಆ ಹೆಣ್ಣದನಿ ಅದಕ್ಕ ಸರಿಯಾಗಿ ಸಿಕ್ಕಿಲ್ಲ. ಸಿಕ್ಕದ್ದನ್ನೂ ಕರಕರ ಅಂತ ತಿಳದು ಕಂಪ್ಯೂಟರ್ ಅಳಿಸೇತಿ," ಎಂದ. ಆಮೇಲೆ ಎದ್ದು ಸೋಮನಿಂಗನ ಎರಡೂ ಕೈ ಹಿಡಿದುಕೊಂಡ. "ಕಾಕಾ, ತಪ್ಪಾತು. ಇಷ್ಟ ದಿನ ನಿಮ್ಮ ಮಿಷನ್ನಿಗೆ ಶೋಕಿ ಅಂದೆ. ಇನ್ನ ಅನ್ನಂಗಿಲ್ಲ. ಎಂಥಾ ಖರೇ ಮಿಷನ್ರಿ ಇದು! ಇದು ಸುಳ್ಳ ಹೇಳಂಗಿಲ್ಲ."

ಸುಂದರವ್ವ ಅವನ ಮುಖವನ್ನೇ ನೋಡುತ್ತ ನಿಂತಿದ್ದಳು. ಅವನು ತನ್ನ ಕಡೆ ತಿರುಗಬಹುದೆಂದು ಕಾದಳು. ಅವನು ಟರ್ನ್‌ಟೇಬಲ್ಲಿನ ಕಡೆ ತಿರುಗಿದ. ಸಿದ್ದಲಿಂಗನೂ ಬಂದು ಬಗ್ಗಿದ. ಸೂಜಿ ಯಾವ ಊರಿಂದ ತರಿಸಿದ್ದು, ಭಾರ ಎಷ್ಟು, ಕಲ್ಲಿನ ಕೆಳಗೆ ರಬ್ಬರ್ ಇದೆಯೋ ಇಲ್ಲವೋ ಎಂದು ಮಾತು ಹತ್ತಿತು. ಪ್ರೇಮಕುಮಾರ ಮೂರು ಕಡೆಯಿಂದ ಅದರ ಫೋಟೋ ತೆಗೆದ.

"ಸರ, ನನ್ನ ಸೊಸಿಗೆ ಏನ್ ಬರೀತೀರಿ?" ಎಂದಳು ಸುಂದರವ್ವ.

"ಬರೀತೇನ್ರಿ ಆಯಿ, ಬರೀತೇನಿ. ಒಂದೈದ ನಿಮಿಷ," ಎಂದ ಅವನು ತಿರುಗದೆ. "ಕಾಕಾ, ಇನ್ನೊಮ್ಮೆ ಹಾಕ್ರಿ. ಆ ಜಾಗ ಕಣ್ಣ ಮುಚ್ಚಿ ಕೇಳಬೇಕು."

ಸೂಜಿ ಇಳಿಯಿತು. ಮೂವರೂ ಕಣ್ಣು ಮುಚ್ಚಿದರು. ಮಲ್ಲಣ್ಣನ ಉಸಿರು ಸೋಲುವ ಹೊತ್ತಿಗೆ ಸುಂದರವ್ವನ ಗಂಟಲು ತಡೆಯಲಿಲ್ಲ. ಬಾಗಿಲಲ್ಲಿ ನಿಂತೇ ಆ ಸಾಲನ್ನು ಎತ್ತಿಕೊಂಡಳು. ದನಿ ಒಡೆದಿತ್ತು, ನಡುಗುತ್ತಿತ್ತು, ಆದರೆ ಹಿಡಿದ ಜಾಗ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಪ್ರೇಮಕುಮಾರ ಕಣ್ಣು ತೆರೆಯದೆ ಅವಳತ್ತ ಕೈ ಅಡ್ಡ ಹಿಡಿದ.

"ಶ್... ಆಯಿ, ಚೂರು ಸುಮ್ಮನಿರ್ರಿ. ಆ ಹೆಣ್ಮಗಳ ದನಿ ಕೇಳಸವಲ್ದು."