ಬೆತಾಯಾ ಯಾರ ಮಗಳು

ಉಕ್ಕಿನ ಕಡ್ಡಿ ಹುಲ್ಲಿನೊಳಗೆ ಗೇಣುದ್ದ ಇಳಿದು ಟಕ್ಕೆಂದು ನಿಂತಿತು. ಬೆತಾಯಾ ಮಂಡಿಯೂರಿದಳು. ಬೇರಾಗಿದ್ದರೆ ಸದ್ದು ಮಂದವಾಗಿರುತ್ತಿತ್ತು. ಇದು ಕಲ್ಲು.

"ಸಿಕ್ಕಳಾ ನಿನ್ನ ಕಳ್ಳಿ?" ಸ್ಮಶಾನದ ಕೆಳಗಿನ ತುದಿಯಿಂದ ಎಲ್ಡನ್ ಮಾವ ಕೂಗಿದ. ತನ್ನ ಅಕ್ಕನ, ಅಂದರೆ ಬೆತಾಯಾಳ ಅಮ್ಮನ, ಗಾಲಿಕುರ್ಚಿಯ ಹಿಂದೆ ನಿಂತು ಡೋನಟ್ ತಿನ್ನುತ್ತಿದ್ದ. "ಮುನ್ನೂರು ಚಿಲ್ಲರೆ ವರ್ಷ ತೆಪ್ಪಗೆ ಮಲಗಿದವಳನ್ನ ಚುಚ್ಚಿ ಎಬ್ಬಿಸ್ತೀಯಲ್ಲೇ! ಬಾಯಿ ಮುಚ್ಕೊಂಡಿರೋದು ನಮ್ಮ ಮನೇಲಿ ಎಲ್ಲರಿಗೂ ಗೊತ್ತು, ನಿನಗೊಬ್ಬಳಿಗೆ ಗೊತ್ತಿಲ್ಲ."

"ನಾನು ಗಿಡ ಓದಿದವಳು ಮಾವ. ಬೇರು ನೋಡದೆ ಬಿಡಲ್ಲ."

ಕಳ್ಳಿ ಎಂದರೆ ಅವಳ ಅಪ್ಪನ ಮನೆತನದ ಮೊದಲ ಬೆತಾಯಾ. ಮ್ಯಾಸಚೂಸೆಟ್ಸ್ ಕೊಲ್ಲಿಯ ದಡಕ್ಕೆ ಹಡಗಿನಲ್ಲಿ ಬಂದಿಳಿದ ಪ್ಯೂರಿಟನ್ನರ ಕಾಲದವಳು. ರೆಕ್ಕೆಯ ತಲೆಬುರುಡೆ ಕೆತ್ತಿದ ಅವಳ ಸಮಾಧಿಕಲ್ಲು ಹೇಳುವ ಪ್ರಕಾರ ಅವಳು ಹುಟ್ಟಿದ್ದು 1648ರಲ್ಲಿ. ಆದರೆ ಅವಳ ತಂದೆತಾಯಿ ಎನ್ನಲಾದ ಟಿಲ್ಡನ್ ದಂಪತಿಯ ಮಗಳು ಬೆತಾಯಾಗೆ ಚರ್ಚಿನಲ್ಲಿ ದೀಕ್ಷಾಸ್ನಾನವಾದದ್ದು 1641ರಲ್ಲಿ. ಹುಟ್ಟುವ ಮೊದಲೇ ದೀಕ್ಷೆ ಪಡೆದವರುಂಟೆ? ನಿಜವಾದ ಹುಡುಗಿ ಸತ್ತಳು, ಯಾವಳೋ ಅನಾಥ ಆಳುಮಗಳು ಅವಳ ಹೆಸರು ಕದ್ದು ಮದುವೆಯಾದಳು ಎಂದು ನೆಂಟರ ಪಿಸುಮಾತು. ಅಂದಿನಿಂದ ಮನೆಯ ಹಿರಿಯ ಮಗಳಿಗೆ ಅದೇ ಹೆಸರು. ಎಲ್ಲರೂ ಕದ್ದ ಹೆಸರು ಹೊತ್ತವರೇ ಎಂಬುದು ಮಾವನ ಹಳೆಯ ತಮಾಷೆ.

ಇದರ ಬೆನ್ನು ಹತ್ತಿದವಳು ಅಮ್ಮ, ವಿನಿಫ್ರೆಡ್. ಬೆತಾಯಾಗೆ ನೆನಪಿರುವಷ್ಟು ಕಾಲದಿಂದಲೂ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ "ಬೆತಾಯಾ ಹತ್ತಿರ ಹೋಗಿ ಬರ್ತೀನಿ" ಎಂದು ಈ ಗುಡ್ಡಕ್ಕೆ ಹೊರಡುತ್ತಿದ್ದಳು. ಮಗಳನ್ನು ಕರೆತರುತ್ತಿದ್ದುದು ಅಪರೂಪ. ಬಂದಾಗಲೂ ಹಳೆಯ ಕಲ್ಲುಗಳಿಗೆ ಬೆನ್ನು ಹಾಕಿ, ಕೆಳಗೆ ತಮ್ಮ ಮನೆಯವರಿಗೆಂದು ಕೊಂಡಿಟ್ಟ ಜಾಗದ ಪಕ್ಕ ಕೂರುತ್ತಿದ್ದಳು. ಅಲ್ಲಿ ಗಾಳಿ ಕಡಿಮೆ ಎನ್ನುತ್ತಿದ್ದಳು.

ಆ ಜಾಗದಲ್ಲಿ ಅಪ್ಪ ಮಲಗಿ ಈಗ ಆರು ವರ್ಷ. ಪಕ್ಕದಲ್ಲಿ ನೆಲಕ್ಕೆ ಹರಡಿದ ಜೂನಿಪರ್ ಪೊದೆ. ಅಪ್ಪನ ನೆನಪಿಗೆ ನೆಟ್ಟದ್ದು ಎಂದಿದ್ದಳು ಅಮ್ಮ. ಅದರ ಕಾಂಡ ಮಾತ್ರ ಮಣಿಕಟ್ಟಿನಷ್ಟು ದಪ್ಪ. ಆರು ವರ್ಷಕ್ಕೆ ಜೂನಿಪರ್ ಹಾಗೆ ಬೆಳೆಯುವುದಿಲ್ಲ. ದೊಡ್ಡ ಗಿಡವನ್ನೇ ತಂದು ನೆಟ್ಟಿರಬೇಕು ಎಂದುಕೊಂಡು ಬೆತಾಯಾ ಸುಮ್ಮನಾಗಿದ್ದಳು. ಅದಕ್ಕೆ ಕತ್ತರಿ ಹಾಕಲು ಹೋದ ಮಾಲಿಯನ್ನು ಅಮ್ಮ ಅಟ್ಟಿಬಿಟ್ಟಿದ್ದಳು.

ಅಮ್ಮ ಅವಳನ್ನು ಯಾವತ್ತೂ ಹೆಸರು ಹಿಡಿದು ಕರೆದವಳಲ್ಲ. "ಮಗು" ಎನ್ನುತ್ತಿದ್ದಳು. ಮುದ್ದಿಗೆ ಎಂದು ಬೆತಾಯಾ ನಂಬಿದ್ದಳು. ಆಮೇಲೆ ಮರೆವಿನ ಕಾಯಿಲೆ ಬಂತು. ಹೋದ ಚಳಿಗಾಲದಲ್ಲಿ, ಗಂಜಿಯ ಚಮಚ ಬಾಯಿಗೆ ಹಿಡಿದಾಗ, ಅಮ್ಮ ಮುಖವನ್ನೇ ದಿಟ್ಟಿಸಿ "ನೀನು ಬೆತಾಯಾ ಅಲ್ಲ" ಎಂದಳು. ಕಾಯಿಲೆಯೇ ಹಾಗೆ, ಸ್ವಂತ ಮಕ್ಕಳ ಗುರುತೂ ಅಳಿಸಿಹೋಗುತ್ತದೆ ಎಂದರು ವೈದ್ಯರು. ಬೆತಾಯಾ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಅಮ್ಮ ಈ ಚಳಿಗಾಲ ದಾಟುವುದಿಲ್ಲ. ಅಷ್ಟರೊಳಗೆ ಒಂದು ಸಲ ಅವಳ ಬಾಯಿಂದ ತನ್ನ ಹೆಸರು ಕೇಳಬೇಕು. ಅಷ್ಟೇ ಸಾಕು. ಅಮ್ಮ ಜೀವಮಾನವಿಡೀ ಹುಡುಕಿದ ಉತ್ತರವನ್ನು ತಂದು ಕೈಗಿಟ್ಟರೆ ಆ ಮುಚ್ಚಿದ ಬಾಗಿಲು ಒಂದು ಗಳಿಗೆಯಾದರೂ ತೆರೆದೀತು.

ಅವಳು ಕರಣೆಯಿಂದ ಹುಲ್ಲು ಬಿಡಿಸಿದಳು. ಟಿಲ್ಡನ್ ದಂಪತಿಯ ಸಮಾಧಿಗಳ ಕಾಲ ಬುಡದಲ್ಲಿ ನೆಲ ನುಂಗಿದ್ದ ಪುಟ್ಟ ಕಲ್ಲು. ಹೊಲದಿಂದ ಹೊತ್ತು ತಂದ ಒರಟು ಕಲ್ಲು. ಬೆರಳಿನಿಂದ ಮಣ್ಣು ಒರೆಸಿದಳು. ಬಿ. ಟಿ. ಕೆಳಗೆ 1646.

ಓಡುತ್ತಲೇ ಇಳಿದು ಬಂದಳು. ಗಾಲಿಕುರ್ಚಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಅಮ್ಮನ ಕೈಗವಸನ್ನು ಹಿಡಿದುಕೊಂಡಳು.

"ಅಮ್ಮಾ, ಅವಳು ಕಳ್ಳಿ ಅಲ್ಲ! ಟಿಲ್ಡನ್‌ಗೆ ಇಬ್ಬರು ಬೆತಾಯಾ. ಮೊದಲನೇ ಮಗು ಐದು ವರ್ಷಕ್ಕೇ ಹೋಯ್ತು. ಆಮೇಲೆ ಹುಟ್ಟಿದ್ದಕ್ಕೂ ಅದೇ ಹೆಸರಿಟ್ರು. ಆ ಜನರಲ್ಲಿ ಅದೇ ರೂಢಿ ಅಲ್ವಾ, ಸತ್ತ ಮಗುವಿನ ಹೆಸರು ಮುಂದಿನ ಮಗುವಿಗೆ. ನಾವೆಲ್ಲ ಇಬ್ಬರನ್ನ ಒಬ್ಬಳೇ ಅಂದ್ಕೊಂಡು ಒದ್ದಾಡಿದ್ವಿ."

ಎಲ್ಡನ್ ಮಾವ ಅಗಿಯುವುದನ್ನು ನಿಲ್ಲಿಸಿದ.

ಅಮ್ಮ ನಿಧಾನವಾಗಿ ಕೇಳಿದಳು: "ಆಮೇಲೆ ಹುಟ್ಟಿದ್ದಕ್ಕೆ ಹೇಳಿದ್ರಾ?"

"ಏನನ್ನಮ್ಮ?"

"ಮೊದಲು ಒಬ್ಬಳಿದ್ದಳು ಅಂತ."

"ಹೇಳಿರ್ತಾರೆ. ಹೇಳದೆ ಹ್ಯಾಗಿರ್ತಾರೆ?"

"ಇರ್ತಾರೆ." ಅಮ್ಮನ ದನಿಯಲ್ಲಿ ಎರಡು ವರ್ಷದಿಂದ ಇಲ್ಲದ ಸ್ಪಷ್ಟತೆ ಇತ್ತು. "ಅಪ್ಪಂದಿರು ಹೆಸರಿಟ್ಟು ಕೆಲಸಕ್ಕೆ ಹೋಗ್ತಾರೆ. ದಿನಾ ಕರೀಬೇಕಾದವರು ನಾವು."

"ವಿನೀ, ಸಾಕು," ಎಂದ ಮಾವ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ. "ಚಳಿ ಆಯ್ತು. ಮನೆಗೆ ಹೋಗೋಣ."

ಅಮ್ಮ ಕೈಗವಸನ್ನು ಬಿಡಿಸಿಕೊಂಡು ಪೊದೆಯತ್ತ ತೋರಿಸಿದಳು. "ಅದನ್ನ ಎತ್ತು, ಮಗು."

ಬೆತಾಯಾ ಹೋಗಿ ಬಾಗಿದಳು. ಮುಳ್ಳುಮುಳ್ಳಾದ ಕೊಂಬೆಗಳನ್ನು ಎರಡೂ ತೋಳಿನಿಂದ ಎತ್ತಿ ಹಿಡಿದಳು. ಅಡಿಯಲ್ಲಿ ದಿಂಬಿನಷ್ಟೇ ಅಗಲದ ಬಿಳಿಗಲ್ಲು. ಅದರ ಮೇಲೆ ಅವಳದೇ ಹೆಸರು, ಪೂರ್ತಿಯಾಗಿ. ಕೆಳಗೆ ಎರಡು ಇಸವಿ. ಎರಡನೆಯದು ಅವಳು ಹುಟ್ಟಿದ್ದಕ್ಕಿಂತ ಹಿಂದಿನ ವರ್ಷದ್ದು.

"ಬೆತಾಯಾ!" ಹಿಂದಿನಿಂದ ಅಮ್ಮ ಕರೆದಳು. ಮಗುವನ್ನು ನಿದ್ದೆಯಿಂದ ಎಬ್ಬಿಸುವ ಹಾಗೆ, ಅಷ್ಟು ಮೆತ್ತಗೆ.

ಅವಳು ತಿರುಗಿದಳು. ಅಮ್ಮ ನೋಡುತ್ತಿದ್ದುದು ಕಲ್ಲನ್ನು.