ಹಸಿರು ಬಾಟಲಿಗಳ ಹಂಸ

“ಯಾರೇ ಅವನು?”

ಪಂಪ್‌ಹೌಸಿನ ಕಡೆಯ ಸಂಜೆಯ ವಾಕಿಂಗ್ ಅರ್ಧಕ್ಕೇ ಬಿಟ್ಟು ಬಂದವನು, ಲವಂಗ ಅಗಿಯುತ್ತಾ ಬಾಗಿಲಲ್ಲೇ ನಿಂತು ಕೇಳಿದ. ದಾರಿಯುದ್ದಕ್ಕೂ ಅದೇ ಪ್ರಶ್ನೆ ತಲೆ ತಿಂದಿತ್ತು.

ಹೆಂಡತಿ ಕತ್ತು ಎತ್ತಲಿಲ್ಲ. ಬೆಂಕಿಗೆ ಜಗ್ಗದ ದಪ್ಪ ಕಾಗದದಲ್ಲಿ ಹಂಸದ ರೆಕ್ಕೆ ಕತ್ತರಿಸುತ್ತಿದ್ದಳು. ಅದರ ಮೇಲೆ ಬಾಟಲಿಯ ಗಾಜು ಹರಡಿ ಕುಲುಮೆಗಿಟ್ಟರೆ ಸಾಕು. ಗಾಜು ಕರಗಿ ಇಳಿದು, ಹಂಸವನ್ನು ಮೈಯಲ್ಲಿ ಮೂಡಿಸಿಕೊಂಡೇ ಆರುತ್ತದೆ.

“ಯಾವನು?”

“ನಿಂಗೆ ಬಾಟ್ಲಿ ಒದಗಿಸೋನು.”

“ಓ, ಅವರಾ! ದೇವರಂಥ ಮನುಷ್ಯ. ಬೇರೆ ಬೇರೆ ಬಾಟ್ಲಿ ಬೆರೆಸಿದ್ರೆ ಗಾಜು ಆರುವಾಗ ಬಿರಿಯುತ್ತೆ ನೋಡಿ. ಅವರು ಹಿಡಿದ ಮಾಲು ಬಿಟ್ಟು ಇನ್ನೊಂದನ್ನ ಮುಟ್ಟಲ್ಲ. ಒಂದು ದಿನ ತಪ್ಪಿಸಲ್ಲ. ಅಂಥ ನಿಷ್ಠೆ ಯಾರಿಗಿದೆ?”

ಅವನು ಲವಂಗವನ್ನು ಕಟಕ್ಕನೆ ಕಡಿದ. ಕುಡಿಯುವುದಿಲ್ಲವೆಂದು ಮಗಳ ತಲೆ ಮುಟ್ಟಿ ಆಣೆ ಮಾಡಿದ ಮೇಲೆ ಒಂದೇ ಒಂದು ತುಂಬಿದ ಬಾಟಲಿ ಈ ಮನೆಯ ಹೊಸ್ತಿಲು ದಾಟಿಲ್ಲ. ಅದಕ್ಕೊಂದು ಒಳ್ಳೆಯ ಮಾತಿಲ್ಲ. ಯಾವನೋ ಕುಡುಕ ಮಾತ್ರ ದೇವರಂಥ ಮನುಷ್ಯ!

ಮಗಳು ಗಾಯಕ್ಕೆ ಉಪ್ಪು ಸವರಿದಳು. “ಅಪ್ಪಾ, ತನ್ನ ಗಾಜಿನ ಪ್ರದರ್ಶನದ ಉದ್ಘಾಟನೆಗೆ ಅಮ್ಮ ಅವರನ್ನೂ ಕರೀತಾಳಂತೆ. ಮುಂದಿನ ಸಾಲಲ್ಲೇ ಕೂರಿಸ್ತಾಳಂತೆ.”

“ಹಾಗಾದ್ರೆ ನಾನೆಲ್ಲಿ ಕೂರಲಿ?”

“ನೀವೂ ಅಲ್ಲೇ ಕೂರಿ,” ಎಂದಳು ಹೆಂಡತಿ. “ಜಗಳ ಬರಲ್ಲ.”

“ಎಷ್ಟು ದಿನದ ಪರಿಚಯ?”

“ಹಳೇದು.”

“ಅವನಿಗೆ ಹೆಂಡತಿ ಇಲ್ವೇನೇ?”

“ಇದ್ದಾಳಲ್ಲ. ಅವಳಿಗೆ ಏನೂ ಗೊತ್ತಿಲ್ಲ ಅಂದ್ಕೊಂಡಿದ್ದಾರೆ, ಪಾಪ.”

ಅವನ ತಾಳ್ಮೆ ತಪ್ಪಿತು. ಅಂಗಿಯ ತೋಳು ಮಡಿಸಿದ. “ನಡಿ, ತೋರಿಸು. ಅವನ ಹಲ್ಲು ಉದುರಿಸದಿದ್ರೆ ನಾನು ಗಂಡಸೇ ಅಲ್ಲ. ಒಂದೋ ಆ ಬಾಟ್ಲಿ, ಇಲ್ಲ ಈ ಸಂಸಾರ. ಇವತ್ತೇ ತೀರ್ಮಾನ ಆಗ್ಲಿ.”

ಅವಳು ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದಳು. “ಆಗ್ಲಿ. ಈ ಮಾತು ಮರೀಬೇಡಿ.” ಕತ್ತರಿ ಕೆಳಗಿಟ್ಟು ಚೀಲ ತೆಗೆದುಕೊಂಡಳು.

ಬೀದಿಯಲ್ಲಿ ಅವನೇ ಮುಂದು. ತರಕಾರಿ ಅಂಗಡಿ ಕಳೆಯಿತು, ಬಸ್ ನಿಲ್ದಾಣ ಕಳೆಯಿತು. ಯಾವ ಮನೆಯ ಬಾಗಿಲು ಬಡಿಯುತ್ತಾಳೋ ಎಂದು ಅವನು ಹಲ್ಲು ಕಡಿಯುತ್ತಿದ್ದ. ಅವಳು ಯಾವ ಬಾಗಿಲನ್ನೂ ಬಡಿಯಲಿಲ್ಲ. ಪಂಪ್‌ಹೌಸಿನ ಕಡೆ ತಿರುಗಿದಳು.

ಅವನ ಹೆಜ್ಜೆ ನಿಧಾನವಾಯಿತು. ಆಮೇಲೆ ನಿಂತೇಹೋಯಿತು.

ಹಿಂಬದಿಯ ಗೋಡೆಯಲ್ಲಿ ಸಡಿಲವಾಗಿದ್ದ ಕಲ್ಲನ್ನು ಅವಳು ಸರಿಸಿದಳು. ಸಂದಿಗೆ ಕೈಹಾಕಿ ಹಸಿರು ಬಾಟಲಿಯನ್ನು ಹೊರತೆಗೆದು ಬೆಳಕಿಗೆ ಹಿಡಿದಳು.

“ಇನ್ನೂ ಅರ್ಧ ಉಳಿಸಿದ್ದೀರಲ್ರೀ. ನೀವೇ ಮುಗಿಸಿ ಕೊಡ್ತೀರಾ, ನಾನೇ ಚೆಲ್ಲಲಾ?”